ದೊಡ್ಡ ಟ್ರಾನ್ಸ್‌ಫಾರ್ಮರ್, ಹಳೆಯ ಬಸ್‌ಬಾರ್

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ರೈಸ್‌ಮಿಲ್ಲುಗಳಲ್ಲಿ ಪ್ಯಾನೆಲ್ ಬೋರ್ಡ್ ಪರಿಶೀಲಿಸಲು ಹೋದಾಗ ಮಾಲೀಕರು ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: "ಈ ಬಸ್‌ಬಾರ್ ಎಷ್ಟು ಆಂಪಿಯರ್ ತಡೀತದ್ರೀ?" ಬಸ್‌ಬಾರ್ ಎಂದರೆ ಪ್ಯಾನೆಲಿನೊಳಗೆ ಮೂರು ಫೇಸ್‌ಗಳ ಕರೆಂಟ್ ಹೊರಲು ಪಕ್ಕಪಕ್ಕದಲ್ಲಿ ಕೂರಿಸಿದ ಲೋಹದ ಪಟ್ಟಿಗಳು. ಪ್ರಶ್ನೆ ಸರಿಯಾದದ್ದೇ, ಆದರೆ ಅದರಲ್ಲಿರುವುದು ಬಿಸಿಯ ಲೆಕ್ಕ ಮಾತ್ರ, ಬಲದ ಲೆಕ್ಕ ಕೇಳುವವರು ಅಪರೂಪ.

ಕರೆಂಟ್ ಹರಿಯುವ ಪ್ರತಿಯೊಂದು ಪಟ್ಟಿಯೂ ತನ್ನ ಸುತ್ತ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ, ಪಕ್ಕದ ಪಟ್ಟಿ ಆ ಕ್ಷೇತ್ರದೊಳಗೇ ಇರುವುದರಿಂದ ಅದರ ಮೇಲೆ ಬಲ ಬೀಳುತ್ತದೆ. ಎರಡರಲ್ಲೂ ಕರೆಂಟ್ ಒಂದೇ ದಿಕ್ಕಿಗೆ ಹರಿದರೆ ಪಟ್ಟಿಗಳು ಆಕರ್ಷಿಸುತ್ತವೆ, ವಿರುದ್ಧ ದಿಕ್ಕಿಗೆ ಹರಿದರೆ ವಿಕರ್ಷಿಸುತ್ತವೆ. ಆಂಪಿಯರ್ 1820ರಲ್ಲೇ ತೋರಿಸಿಕೊಟ್ಟ ಈ ಸಂಗತಿಯನ್ನು ಪಿಯುಸಿ ವಿಜ್ಞಾನದವರೆಲ್ಲ ಓದಿರುತ್ತಾರೆ. ಪರೀಕ್ಷೆಯ ಲೆಕ್ಕಗಳು ಸಣ್ಣ ಕರೆಂಟುಗಳಲ್ಲೇ ಮುಗಿಯುವುದರಿಂದ ಆ ಬಲಕ್ಕೆ ಯಾರೂ ಹೆದರುವುದಿಲ್ಲ.

500 ಕೆವಿಎ (ಕೆವಿಎ ಎಂದರೆ ಸಾಮರ್ಥ್ಯದ ಅಳತೆ) ಟ್ರಾನ್ಸ್‌ಫಾರ್ಮರಿನ ಪೂರ್ಣ ಲೋಡ್ ಸುಮಾರು 667 ಆಂಪಿಯರ್. ಪಟ್ಟಿಗಳ ನಡುವೆ 10 ಸೆಂ.ಮೀ. ಅಂತರವಿದ್ದರೆ ಆಗ ಮೀಟರಿಗೆ ಇನ್ನೂರು ಗ್ರಾಂ ತೂಕದಷ್ಟೂ ಬಲ ಇರುವುದಿಲ್ಲ. ಆದರೆ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ಒಳತಡೆ, 4.5 ಶೇಕಡಾ ಇರುವ ಅದೇ ಟ್ರಾನ್ಸ್‌ಫಾರ್ಮರ್ ಶಾರ್ಟ್ ಸರ್ಕ್ಯೂಟಿಗೆ ಸುಮಾರು 15,000 ಆಂಪಿಯರ್ ಸುರಿಯಬಲ್ಲದು, ಕರೆಂಟಿನ ಮೊದಲ ಅಲೆಯ ಶಿಖರ 30,000ದ ಹತ್ತಿರ ಹೋಗುತ್ತದೆ. ಬಲವು ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅಂದರೆ ಕರೆಂಟ್ ಮೂವತ್ತು ಪಟ್ಟಾದರೆ ಬಲ ಸಾವಿರ ಪಟ್ಟಿನ ಸುಮಾರಿಗೆ ಹೋಗುವುದರಿಂದ, ನಡುವಿನ ಪಟ್ಟಿಯ ಮೇಲೆ ಮೀಟರಿಗೆ 150 ಕೆ.ಜಿ.ಗೂ ಹೆಚ್ಚು ಭಾರ ಬೀಳುತ್ತದೆ. ಇದೆಲ್ಲ ಸೆಕೆಂಡಿನ ನೂರನೇ ಒಂದು ಭಾಗದಷ್ಟರಲ್ಲಿ ಆಗುತ್ತದೆ. ಮುಖ್ಯ ಏರ್ ಸರ್ಕ್ಯೂಟ್ ಬ್ರೇಕರ್ ಟ್ರಿಪ್ ಆಗುವ ಹೊತ್ತಿಗೆ ಪೆಟ್ಟು ಬಿದ್ದಾಗಿರುತ್ತದೆ.

ಎರಡು ಫೇಸ್‌ಗಳ ನಡುವೆ ಶಾರ್ಟ್ ಆದ ಪ್ಯಾನೆಲ್ ತೆರೆದರೆ ಗುರುತು ಸ್ಪಷ್ಟವಾಗಿರುತ್ತದೆ: ಒಂದರಲ್ಲಿ ಹೋದ ಕರೆಂಟ್ ಇನ್ನೊಂದರಲ್ಲಿ ಮರಳಿರುವುದರಿಂದ ಆ ಎರಡು ಪಟ್ಟಿಗಳು ಒಂದರಿಂದೊಂದು ದೂರಕ್ಕೆ ಬಾಗಿರುತ್ತವೆ, ತೌಡಿನ ಧೂಳು ಒರೆಸಿ ನೋಡಿದರೆ ಪಟ್ಟಿಯನ್ನು ಹಿಡಿದಿರುವ ಕೆಂಪು ಇನ್ಸುಲೇಟರಿನಲ್ಲಿ ಹಿತ್ತಾಳೆ ನಟ್ಟಿನ ಬುಡಕ್ಕೆ ಕೂದಲೆಳೆಯಷ್ಟು ಸೀಳು ಬಿಟ್ಟಿರುತ್ತದೆ. ಪಟ್ಟಿಯನ್ನು ಬಡಿದು ನೆಟ್ಟಗೆ ಮಾಡಿ, ಸೀಳಿದ ಇನ್ಸುಲೇಟರನ್ನು ಹಾಗೆಯೇ ಬಿಡುವ ಎಲೆಕ್ಟ್ರಿಷಿಯನ್ನರೂ ಇದ್ದಾರೆ.

ಸಾರ್ಟೆಕ್ಸ್ (ಬಣ್ಣ ನೋಡಿ ಅಕ್ಕಿ ಆರಿಸುವ ಯಂತ್ರ), ಹೊಸ ಪಾಲಿಷರ್ ಎಂದು ಯಂತ್ರಗಳು ಸೇರಿ 250 ಕೆವಿಎ ಜಾಗದಲ್ಲಿ 500 ಕೆವಿಎ ಬಂದಾಗ, ಪಟ್ಟಿಯ ಅಳತೆ ಸಾಕೆಂದು ಹಳೆಯ ಪ್ಯಾನೆಲನ್ನೇ ಉಳಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ ಉಳಿತಾಯ. ಇಂಪೀಡೆನ್ಸ್ ಅಷ್ಟೇ ಇದ್ದರೆ ಶಾರ್ಟ್ ಕರೆಂಟ್ ಸುಮಾರು ಇಮ್ಮಡಿಯಾಗಿ, ಬಲ ನಾಲ್ಕು ಪಟ್ಟಿನ ಸುಮಾರಿಗೆ ಏರುತ್ತದೆ. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಪಟ್ಟಿಗಳನ್ನು ದೂರ ಸರಿಸಲು ಜಾಗವಿಲ್ಲದಿದ್ದರೂ ಸಪೋರ್ಟ್‌ಗಳನ್ನು, ಅಂದರೆ ಆ ಇನ್ಸುಲೇಟರುಗಳನ್ನು, 60 ಸೆಂ.ಮೀ.ಗೆ ಒಂದರ ಬದಲು 30ಕ್ಕೆ ಒಂದರಂತೆ ಕೂರಿಸಿದರೆ ಪ್ರತಿ ಇನ್ಸುಲೇಟರಿನ ಭಾರ ಅರ್ಧಕ್ಕೂ, ಪಟ್ಟಿಯನ್ನು ಬಾಗಿಸುವ ಒತ್ತಡ ಕಾಲು ಭಾಗಕ್ಕೂ ಇಳಿಯುತ್ತದೆ. ಹೊಸ ಪ್ಯಾನೆಲ್ ಮಾಡಿಸುವವರು ಆಂಪಿಯರ್ ಜೊತೆಗೆ ಎಷ್ಟು ಕಿಲೋ ಆಂಪಿಯರ್ ಶಾರ್ಟ್ ತಡೆಯುವಂತೆ ಪರೀಕ್ಷೆಯಾಗಿದೆ ಎಂಬುದನ್ನೂ ಬರೆಸಿಕೊಳ್ಳಬೇಕು.