ಅಂಗೈಯಗಲದ ಹಿಡಿತ

ಸ್ಪೋರ್ಟ್ಸ್ ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಒಂದು ಚಕ್ರ ಬಿಚ್ಚಿ ನೋಡಿ. ಒಂದು ಸುರುಳಿ ಸ್ಪ್ರಿಂಗ್, ಅದರೊಳಗೆ ಎಣ್ಣೆ ತುಂಬಿದ ಕೊಳವೆ, ಒಂದೆರಡು ಲೋಹದ ತೋಳುಗಳು, ತೋಳಿನ ತುದಿಯ ಕೀಲಿನಲ್ಲಿ ರಬ್ಬರ್ ಬುಶ್. ಸಸ್ಪೆನ್ಷನ್ ಅಂದರೆ ಬಹುಮಟ್ಟಿಗೆ ಇಷ್ಟೇ ಸಾಮಾನು. ಒಳ್ಳೆಯ ಸ್ಪ್ಯಾನರುಗಳು, ಎರಡು ದಿನದ ಬಿಡುವು, ಒಂದಿಷ್ಟು ತಾಳ್ಮೆ ಇದ್ದರೆ ಮನೆಯಲ್ಲೇ ಇದನ್ನೆಲ್ಲ ಬದಲಿಸಬಹುದು. ಕಷ್ಟ ಇರುವುದು ಅದಕ್ಕೂ ಮೊದಲು. ಎಷ್ಟು ಗಟ್ಟಿಯ ಸ್ಪ್ರಿಂಗ್ ಹಾಕಬೇಕು? ಕಾರನ್ನು ಎಷ್ಟು ತಗ್ಗಿಸಬೇಕು? ಗಟ್ಟಿಯಾದಷ್ಟೂ, ತಗ್ಗಿದಷ್ಟೂ ಒಳ್ಳೆಯದು ಅಂತ ತುಂಬಾ ಜನ ನಂಬಿದ್ದಾರೆ. ಆ ನಂಬಿಕೆಯಿಂದಲೇ ಎಷ್ಟೋ ಒಳ್ಳೆಯ ಕಾರುಗಳು ಹಾಳಾಗುತ್ತವೆ.

ಮೊದಲು ಟೈರಿನಿಂದ ಶುರು ಮಾಡೋಣ. 1200 ಕೆಜಿ ಕಾರು ಅಂದುಕೊಳ್ಳಿ. ಚಕ್ರಕ್ಕೆ ಸರಾಸರಿ 300 ಕೆಜಿ. ಟೈರಿನ ಗಾಳಿಯ ಒತ್ತಡ 2 ಬಾರ್ ಇದ್ದರೆ ಪ್ರತಿ ಚದರ ಸೆಂಟಿಮೀಟರ್ ಸುಮಾರು 2 ಕೆಜಿ ಹೊರುತ್ತದೆ. ಅಂದರೆ ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ 150 ಚದರ ಸೆಂಟಿಮೀಟರ್. ಒಂದು ಅಂಗೈಯಗಲ! ಬ್ರೇಕು, ತಿರುವು, ವೇಗ ಎಲ್ಲವೂ ಇಂಥ ನಾಲ್ಕು ಅಂಗೈಗಳ ಮೂಲಕವೇ ಆಗಬೇಕು.

ಟೈರಿಗೆ ಒಂದು ವಿಚಿತ್ರ ಗುಣ ಇದೆ. ಅದರ ಮೇಲಿನ ಭಾರ ಎರಡು ಪಟ್ಟಾದರೆ ಹಿಡಿತ ಜಾಸ್ತಿಯಾಗುತ್ತದೆ, ಆದರೆ ಎರಡು ಪಟ್ಟಾಗುವುದಿಲ್ಲ. ಸ್ವಲ್ಪ ಕಡಿಮೆ ಬೀಳುತ್ತದೆ. ಹಾಗಾಗಿ ಒಂದು ಟೈರಿನಿಂದ 100 ಕೆಜಿ ತೆಗೆದು ಇನ್ನೊಂದರ ಮೇಲೆ ಹೇರಿದರೆ, ಮೊದಲನೆಯದು ಕಳೆದುಕೊಂಡಷ್ಟನ್ನು ಎರಡನೆಯದು ಗಳಿಸುವುದಿಲ್ಲ. ಉಬ್ಬುತಗ್ಗಿನ ರಸ್ತೆಯಲ್ಲೂ ಇದೇ ಕತೆ. ಒಂದೇ ಟೈರಿನ ಮೇಲೆ ಭಾರ ಈಗ ಏರಿ ಮರುಕ್ಷಣ ಇಳಿಯುತ್ತಿದ್ದರೆ ಸರಾಸರಿ ಹಿಡಿತ ಕುಗ್ಗುತ್ತದೆ. ಭಾರ ಏರುಪೇರಾದಷ್ಟೂ ಹಿಡಿತ ಸೋರಿಹೋಗುತ್ತದೆ. ಸಸ್ಪೆನ್ಷನ್ನಿನ ಒಂದೊಂದು ತುಂಡನ್ನೂ ನಾನು ಈ ಒಂದೇ ಅಳತೆಗೋಲಿನಿಂದ ನೋಡುತ್ತೇನೆ: ಇದು ಟೈರಿನ ಮೇಲಿನ ಏರುಪೇರನ್ನು ಕಡಿಮೆ ಮಾಡುತ್ತದೋ, ಜಾಸ್ತಿ ಮಾಡುತ್ತದೋ?

ಸ್ಪ್ರಿಂಗಿಗೆ ಬರೋಣ. ಎಳೆದಷ್ಟೂ ಅದೇ ಅಳತೆಯಲ್ಲಿ ಬಲ ಹೆಚ್ಚುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದರು. ಸುರುಳಿ ಸ್ಪ್ರಿಂಗ್ ಎಷ್ಟು ಗಟ್ಟಿ ಎಂಬುದು ಮುಖ್ಯವಾಗಿ ತಂತಿಯ ದಪ್ಪದ ಮೇಲೆ ನಿಂತಿದೆ. ಅದೂ ಎಂಥ ನಂಟು! ದಪ್ಪವನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿದ ಲೆಕ್ಕ. 12 ಮಿಮೀ ತಂತಿಯ ಬದಲು 13 ಮಿಮೀ ತಂತಿ ಹಾಕಿದರೆ ಗಟ್ಟಿತನ ಶೇ 38ರಷ್ಟು ಏರುತ್ತದೆ. ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಸುತ್ತು ಕಡಿಮೆಯಾದರೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ. 6 ಸುತ್ತಿನಲ್ಲಿ ಒಂದನ್ನು ಕತ್ತರಿಸಿದರೆ ಶೇ 20ರಷ್ಟು. ಹಣ ಉಳಿಸಲು ಕೆಲವರು ಹೀಗೆ ಕತ್ತರಿಸುತ್ತಾರೆ. ದಯವಿಟ್ಟು ಬೇಡ. ಕತ್ತರಿಸಿದ ತುದಿ ತನ್ನ ಗೂಡಿನಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಪೂರ್ತಿ ಕೆಳಗಿಳಿದಾಗ ಸ್ಪ್ರಿಂಗ್ ಸಡಿಲಾಗಿ ಜಾರಿಬಿಡಬಹುದು.

ಸ್ಪ್ರಿಂಗನ್ನು ಅಳೆಯುವ ಒಳ್ಳೆಯ ದಾರಿ ಎಂದರೆ ಅದರ ಮೇಲೆ ಕೂತ ಕಾರು ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂದು ನೋಡುವುದು. ಸಾಮಾನ್ಯ ಕಾರುಗಳು 1ರಿಂದ 1.5 ಸಲ ತೂಗುತ್ತವೆ. ಸ್ಪೋರ್ಟ್ಸ್ ಕಾರುಗಳು 1.5ರಿಂದ 2ರ ಆಸುಪಾಸಿನಲ್ಲಿರುತ್ತವೆ. ಈ ಸಂಖ್ಯೆ ಎರಡು ಪಟ್ಟಾಗಬೇಕಾದರೆ ಸ್ಪ್ರಿಂಗ್ ನಾಲ್ಕು ಪಟ್ಟು ಗಟ್ಟಿಯಾಗಬೇಕು. ಮುಂದಿನ ಚಕ್ರ ಉಬ್ಬನ್ನು ಮೊದಲು ಹತ್ತುತ್ತದೆ, ಹಿಂದಿನದು ಆಮೇಲೆ. ಹಿಂಭಾಗ ಸ್ವಲ್ಪ ಬೇಗ ತೂಗಿದರೆ ಅದು ಮುಂಭಾಗವನ್ನು ಹಿಡಿದು ಜೊತೆಯಾಗುತ್ತದೆ, ಕಾರು ಮುಂದೆ ಹಿಂದೆ ಕುಲುಕುವುದು ಬೇಗ ನಿಲ್ಲುತ್ತದೆ. 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನ ಎಂಜಿನಿಯರ್ ಮಾರಿಸ್ ಆಲಿ ಈ ಗುಟ್ಟನ್ನು ಬಿಡಿಸಿಟ್ಟರು. ಮುಂದಿನ ಎರಡು ಸ್ಪ್ರಿಂಗ್ ಮಾತ್ರ ಬದಲಿಸಿ ಸುಮ್ನಾದರೆ ಈ ಹೊಂದಾಣಿಕೆಯೇ ಕೆಡುತ್ತದೆ.

ಇನ್ನೊಂದು ವಿಷಯ. ಸ್ಪ್ರಿಂಗ್ ಯಾವಾಗಲೂ ಚಕ್ರದ ಪಕ್ಕದಲ್ಲೇ ಇರುವುದಿಲ್ಲ. 1989ರ ಮಾಜ್ಡಾ ಎಂಎಕ್ಸ್-5ನಂಥ ಡಬಲ್ ವಿಶ್‌ಬೋನ್ (ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುವ) ಕಾರುಗಳಲ್ಲಿ ಅದು ತೋಳಿನ ಮೇಲೆ, ಸ್ವಲ್ಪ ಒಳಗಡೆ ಕೂತಿರುತ್ತದೆ. ಚಕ್ರ 10 ಮಿಮೀ ಏರಿದಾಗ ಸ್ಪ್ರಿಂಗ್ 7 ಮಿಮೀ ಮಾತ್ರ ಕುಗ್ಗಿದರೆ, ಚಕ್ರಕ್ಕೆ ಸಿಗುವುದು ಸ್ಪ್ರಿಂಗಿನ ಅರ್ಧದಷ್ಟು ಗಟ್ಟಿತನ. ಸ್ಪ್ರಿಂಗೂ ಎಣ್ಣೆಯ ಕೊಳವೆಯೂ ಒಂದೇ ಕಂಬವಾಗಿ ಚಕ್ರದ ಪಕ್ಕದಲ್ಲೇ ನಿಲ್ಲುವ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಹೆಚ್ಚುಕಡಿಮೆ ಪೂರ್ತಿ ಸಿಗುತ್ತದೆ. ಹಾಗಾಗಿ ಒಂದು ಕಾರಿನ ಸ್ಪ್ರಿಂಗ್ ಸಂಖ್ಯೆಯನ್ನು ಇನ್ನೊಂದು ಕಾರಿಗೆ ಹೋಲಿಸಿ ಕೊಳ್ಳಬೇಡಿ.

ಈಗ ಡ್ಯಾಂಪರ್, ಅಂದರೆ ಮೊದಲು ನೋಡಿದ ಆ ಎಣ್ಣೆ ತುಂಬಿದ ಕೊಳವೆ. ನನ್ನ ಮಟ್ಟಿಗೆ ಇಡೀ ಸಸ್ಪೆನ್ಷನ್ನಿನ ಜೀವ ಇರುವುದು ಇದರಲ್ಲೇ. ಶಾಕ್ ಅಬ್ಸಾರ್ಬರ್ ಅನ್ನುವ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಉಬ್ಬಿನ ಪೆಟ್ಟನ್ನು ಮೊದಲು ನುಂಗುವುದು ಸ್ಪ್ರಿಂಗ್. ಆದರೆ ಅದು ನುಂಗಿದ್ದನ್ನು ಇಟ್ಟುಕೊಳ್ಳುವುದಿಲ್ಲ, ವಾಪಸ್ ಕೊಡುತ್ತದೆ. ಅದನ್ನು ಕರಗಿಸುವವರು ಯಾರಾದರೂ ಬೇಕಲ್ವಾ? ಡ್ಯಾಂಪರಿನೊಳಗೆ ಪಿಸ್ಟನ್ ಸಣ್ಣ ತೂತುಗಳ ಮೂಲಕ ಎಣ್ಣೆಯನ್ನು ತಳ್ಳುತ್ತದೆ, ಕುಲುಕಾಟ ಬಿಸಿಯಾಗಿ ಹೊರಗೆ ಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಓಡಿ ಬಂದ ಕಾರಿನ ಡ್ಯಾಂಪರ್ ಮುಟ್ಟಿದರೆ ಆ ಬಿಸಿ ಕೈಗೇ ಗೊತ್ತಾಗುತ್ತದೆ. ಜೋರಾಗಿ ಕುಲುಕಿದಾಗ ಎಣ್ಣೆ ನೊರೆಯಾದರೆ ಹಿಡಿತ ತಪ್ಪುತ್ತದೆ. ಫ್ರಾನ್ಸಿನ ಎಂಜಿನಿಯರ್ ದ ಕಾರ್ಬನ್ 1950ರ ದಶಕದಲ್ಲಿ ಇದಕ್ಕೊಂದು ಚೆಂದದ ಪರಿಹಾರ ತಂದರು. ಒಂದೇ ಕೊಳವೆಯಲ್ಲಿ ಎಣ್ಣೆ, ಅದರ ಹಿಂದೆ ತೇಲುವ ಪಿಸ್ಟನ್, ಆಚೆ ಕಡೆ ಒತ್ತಿ ತುಂಬಿದ ಅನಿಲ. ಎಣ್ಣೆಯ ಮೇಲೆ ಸದಾ ಒತ್ತಡ ಇರುವುದರಿಂದ ನೊರೆ ಏಳುವುದಿಲ್ಲ. ಇಂದಿನ ಮೋನೋಟ್ಯೂಬ್ ಡ್ಯಾಂಪರುಗಳು ಇದೇ ವಂಶದವು.

ಸ್ಪ್ರಿಂಗ್ ಗಟ್ಟಿಯಾದಂತೆ ಅದನ್ನು ಅಂಕೆಯಲ್ಲಿಡಲು ಡ್ಯಾಂಪರಿಗೂ ಜಾಸ್ತಿ ಬಲ ಬೇಕು. ಹಳೆಯ ಡ್ಯಾಂಪರ್ ಹಾಗೇ ಬಿಟ್ಟು ಎರಡು ಪಟ್ಟು ಗಟ್ಟಿಯ ಸ್ಪ್ರಿಂಗ್ ಹಾಕಿದರೆ, ಡ್ಯಾಂಪರಿನ ಹತೋಟಿ ಸುಮಾರು ಶೇ 30ರಷ್ಟು ಕುಸಿದಂತೆ. ಪ್ರತಿ ಉಬ್ಬಿನ ನಂತರವೂ ಕಾರು ತೂಗುತ್ತಲೇ ಇರುತ್ತದೆ, ಅಂಗೈಗಳ ಮೇಲಿನ ಭಾರ ಏರಿಳಿಯುತ್ತಲೇ ಇರುತ್ತದೆ. ಕೂತವರಿಗೆ ಕಾರು ಬಿಗಿಯಾಯಿತು ಅನ್ನಿಸುತ್ತದೆ, ಟೈರಿಗೆ ಮಾತ್ರ ಹಿಡಿತ ಕಡಿಮೆಯಾಗಿರುತ್ತದೆ. ಸ್ಪ್ರಿಂಗ್ ಒಂದನ್ನೇ ಬದಲಿಸುವ ಯೋಚನೆ ಇದ್ದರೆ ಕೈಬಿಡಿ. ಒಂದನ್ನೇ ಬದಲಿಸಲು ಸಾಧ್ಯ ಅಂದರೆ ಸವೆದ ಡ್ಯಾಂಪರ್ ಬದಲಿಸಿ, ಸ್ಪ್ರಿಂಗ್ ಮೂಲದ್ದೇ ಇರಲಿ.

ಇದರ ಉಲ್ಟಾ ತಪ್ಪೂ ಇದೆ. ಹೊಂದಿಸಬಹುದಾದ ಡ್ಯಾಂಪರ್ ಕೈಗೆ ಸಿಕ್ಕಿತೆಂದರೆ ತಿರುಪನ್ನು ಕೊನೆಯವರೆಗೂ ಬಿಗಿ ಮಾಡುವ ಆಸೆ ಆಗುತ್ತದೆ. ಸ್ಪ್ರಿಂಗ್ ಮತ್ತೆ ಹಿಗ್ಗುವ ದಿಕ್ಕಿನಲ್ಲಿ ಡ್ಯಾಂಪರ್ ಅತಿ ಬಿಗಿಯಾದರೆ, ಚಕ್ರ ಪೂರ್ತಿ ಕೆಳಗೆ ಬರುವ ಮೊದಲೇ ಮುಂದಿನ ಉಬ್ಬು ಬಂದಿರುತ್ತದೆ. ಸಾಲು ಉಬ್ಬುಗಳ ಮೇಲೆ ಕಾರು ಹಂತಹಂತವಾಗಿ ಕುಸಿಯುತ್ತಾ ಹೋಗುತ್ತದೆ.

ತಗ್ಗಿಸುವುದರ ಲೆಕ್ಕ ನೋಡೋಣ. ತಿರುವಿನಲ್ಲಿ ಒಳಚಕ್ರಗಳ ಭಾರ ಹೊರಚಕ್ರಗಳಿಗೆ ಹೋಗುತ್ತದೆ. ಎಷ್ಟು ಹೋಗುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮೂರೇ ಸಂಗತಿ: ತಿರುವಿನ ಬಿರುಸು, ಕಾರಿನ ಭಾರಕೇಂದ್ರದ ಎತ್ತರ, ಎಡಬಲ ಚಕ್ರಗಳ ನಡುವಿನ ಅಗಲ. ಅದೇ 1200 ಕೆಜಿ ಕಾರು, ಭಾರಕೇಂದ್ರ 50 ಸೆಂಮೀ ಎತ್ತರದಲ್ಲಿ, ಅಗಲ 150 ಸೆಂಮೀ. ಗುರುತ್ವದ ಶೇ 80ರಷ್ಟು ಬಿರುಸಿನಲ್ಲಿ ತಿರುಗಿದರೆ 320 ಕೆಜಿ ಆಚೆಗೆ ದಾಟುತ್ತದೆ. ಈ ಲೆಕ್ಕದಲ್ಲಿ ಸ್ಪ್ರಿಂಗಿನ ಹೆಸರೇ ಬರಲಿಲ್ಲ, ಗಮನಿಸಿದಿರಾ? ಗಟ್ಟಿ ಸ್ಪ್ರಿಂಗ್ ಕಾರು ವಾಲುವುದನ್ನು ಕಡಿಮೆ ಮಾಡುತ್ತದೆ, ಭಾರ ದಾಟುವುದನ್ನು ಅಲ್ಲ. ಕಾರನ್ನು 3 ಸೆಂಮೀ ತಗ್ಗಿಸಿದರೆ 320 ಇದ್ದದ್ದು ಸುಮಾರು 300 ಆಗುತ್ತದೆ. ಲಾಭ ಇದೆ, ಆದರೆ ಸಣ್ಣದು.

ಆ ಸಣ್ಣ ಲಾಭಕ್ಕೆ ಕೊಡುವ ಬೆಲೆ ನೋಡಿ. ಚಕ್ರ ಮೇಲೇರಲು ಇದ್ದ ಜಾಗದಲ್ಲಿ 3 ಸೆಂಮೀ ಹೋಯಿತು. ಡ್ಯಾಂಪರಿನ ಕೊನೆಯಲ್ಲಿರುವ ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡು ಈಗ ಬೇಗ ತಾಗುತ್ತದೆ. ತಾಗಿದ ಕ್ಷಣ ಆ ಚಕ್ರದ ಸಸ್ಪೆನ್ಷನ್ ಒಮ್ಮೆಲೇ ಕಲ್ಲಿನಂತಾಗುತ್ತದೆ. ತಿರುವಿನ ನಡುವೆ ಹೀಗಾದರೆ ಹಿಡಿತ ಥಟ್ಟನೆ ತಪ್ಪುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರುಗಳಲ್ಲಿ ಇನ್ನೊಂದು ಪೇಚು. ಅತಿಯಾಗಿ ತಗ್ಗಿಸಿದರೆ ಕೆಳತೋಳು ಚಕ್ರದ ಕಡೆಗೆ ಮೇಲ್ಮುಖವಾಗುತ್ತದೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಭಾರಕೇಂದ್ರಕ್ಕಿಂತಲೂ ಬೇಗ ಕೆಳಗಿಳಿಯುತ್ತದೆ. ತಗ್ಗಿಸಿದ ಕಾರಿಗೆ ವಾಲುವ ಆಸೆಯೇ ಜಾಸ್ತಿಯಾಗುತ್ತದೆ!

ವಾಲುವುದನ್ನು ತಡೆಯಲು ಎಡಬಲ ಚಕ್ರಗಳನ್ನು ಬೆಸೆಯುವ ಆಂಟಿ ರೋಲ್ ಬಾರ್‌ಗೂ ದಪ್ಪದ ಅದೇ ಲೆಕ್ಕ. 22 ಮಿಮೀ ಸರಳಿನ ಬದಲು 24 ಹಾಕಿದರೆ ಶೇ 42ರಷ್ಟು ಗಟ್ಟಿ. ಮುಂದಿನ ಬಾರ್ ದಪ್ಪ ಮಾಡಿದರೆ ದಾಟುವ ಭಾರದಲ್ಲಿ ಹೆಚ್ಚು ಪಾಲು ಮುಂದಿನ ಟೈರುಗಳ ಮೇಲೆ ಬೀಳುತ್ತದೆ, ಅಲ್ಲಿ ಹಿಡಿತ ಕಡಿಮೆಯಾಗಿ ಮೂತಿ ಹೊರಕ್ಕೆ ಜಾರುತ್ತದೆ. ಹಿಂದಿನದನ್ನು ದಪ್ಪ ಮಾಡಿದರೆ ಬಾಲ ಹೊರಕ್ಕೆ ಜಾರುತ್ತದೆ. ಮಳೆಯಲ್ಲಿ ಅದು ಅಪಾಯ.

ಇನ್ನು ಕೈಕೆಲಸ. ಸ್ಟ್ರಟ್ಟಿನಿಂದ ಸ್ಪ್ರಿಂಗ್ ಬಿಡಿಸಲು ಅದನ್ನು ಸ್ಪ್ರಿಂಗ್ ಕಂಪ್ರೆಸರ್ ಎಂಬ ತಿರುಪಿನ ಸಾಧನ ಹಾಕಿ ಕುಗ್ಗಿಸಬೇಕು. ಪ್ರತಿ ಮಿಮೀಗೆ 3 ಕೆಜಿ ಬಲ ಕೇಳುವ ಸ್ಪ್ರಿಂಗನ್ನು 15 ಸೆಂಮೀ ಕುಗ್ಗಿಸಿದರೆ ಅದರಲ್ಲಿ ಸುಮಾರು 330 ಜೂಲ್ ಶಕ್ತಿ ಕೂತಿರುತ್ತದೆ. 10 ಕೆಜಿ ಕಲ್ಲು ಸುಮಾರು ಮೂರೂವರೆ ಮೀಟರ್ ಎತ್ತರದಿಂದ ಬಿದ್ದಂತೆ. ಕಂಪ್ರೆಸರಿನ ಎರಡೂ ಕಡೆಯನ್ನು ಸರದಿಯಂತೆ, ಕೈಯಲ್ಲೇ, ನಿಧಾನವಾಗಿ ತಿರುಗಿಸಿ. ಸ್ಪ್ರಿಂಗಿನ ನೇರಕ್ಕೆ ಮುಖ ತರಬೇಡಿ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ.

ಎಲ್ಲ ಜೋಡಿಸಿದ ಮೇಲೆ ಒಂದು ಕೆಲಸವನ್ನು ಬಹಳ ಜನ ತಪ್ಪಿಸುತ್ತಾರೆ. ರಬ್ಬರ್ ಬುಶ್ ಉರುಳುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಜೋತಾಡುತ್ತಿರುವಾಗಲೇ ತೋಳಿನ ಬೋಲ್ಟ್ ಬಿಗಿದರೆ, ಕಾರು ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿ ನಿಲ್ಲುತ್ತದೆ, ಹಾಗೆಯೇ ಬದುಕಿ ಬೇಗ ಹರಿಯುತ್ತದೆ. ಬೋಲ್ಟನ್ನು ಮೊದಲು ಸಡಿಲವಾಗಿ ಕೂರಿಸಿ. ಚಕ್ರದ ಮೇಲೆ ಕಾರಿನ ಭಾರ ಬಿದ್ದ ಮೇಲೆ ಟಾರ್ಕ್ ವ್ರೆಂಚ್‌ನಿಂದ ಬಿಗಿಯಿರಿ. ಆಮೇಲೆ ವೀಲ್ ಅಲೈನ್‌ಮೆಂಟ್ ಆಗಲೇಬೇಕು. ಎತ್ತರ ಬದಲಾದರೆ ಚಕ್ರಗಳ ಓರೆಯೂ ದಿಕ್ಕೂ ಬದಲಾಗಿರುತ್ತವೆ.

ಮೊದಲ ಓಡಾಟಕ್ಕೆ ಮುಂಚೆ ನಾಲ್ಕೂ ಡ್ಯಾಂಪರಿನ ಹೊಳೆಯುವ ದಂಡಕ್ಕೆ ಒಂದೊಂದು ಪ್ಲಾಸ್ಟಿಕ್ ಕೇಬಲ್ ಟೈ ಸುತ್ತಿ, ಕೊಳವೆಯ ಬಾಯಿಗೆ ತಾಗುವಂತೆ ಇಳಿಸಿಡಿ. ದಿನವೂ ಓಡಾಡುವ ರಸ್ತೆಯಲ್ಲೇ ಹೋಗಿ ಬನ್ನಿ. ಸ್ಪ್ರಿಂಗ್ ಕುಗ್ಗಿದಷ್ಟೂ ಕೊಳವೆ ಆ ಟೈಯನ್ನು ಮೇಲಕ್ಕೆ ತಳ್ಳಿರುತ್ತದೆ. ಅದು ಬಂಪ್ ಸ್ಟಾಪಿನವರೆಗೂ ಹೋಗಿದ್ದರೆ ಕಾರನ್ನು ಒಂದು ಸೆಂಟಿಮೀಟರ್ ಎತ್ತರಿಸಿ. ಅರ್ಧ ದಾರಿಯನ್ನೂ ದಾಟಿಲ್ಲವೆಂದರೆ ಸ್ಪ್ರಿಂಗ್ ಆ ರಸ್ತೆಗೆ ಜಾಸ್ತಿ ಗಟ್ಟಿಯಾಗಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಟೈಯನ್ನು ಮತ್ತೆ ಕೆಳಗಿಳಿಸಿ, ಅದೇ ರಸ್ತೆಗೆ ಹೊರಡಿ.