ಚರಂಡಿಯ ಮುಚ್ಚಳದ ಮೇಲೆ ನಡೆಯುವ ಬೆಂಗಳೂರು

ಬೆಂಗಳೂರಿನ ಫುಟ್‌ಪಾತ್ ಸಮಸ್ಯೆ ಅಂದರೆ ಒತ್ತುವರಿ, ಪಾರ್ಕಿಂಗ್ ಎನ್ನುತ್ತಾರೆ. ಚಪ್ಪಡಿ ಎತ್ತಿ ನೋಡಿದರೆ ಇನ್ನೊಂದು ಕಾರಣ ಸಿಗುತ್ತದೆ: ಇಲ್ಲಿ ಎಷ್ಟೋ ಫುಟ್‌ಪಾತ್‌ಗಳು ರಸ್ತೆಬದಿ ಚರಂಡಿಯ ಮುಚ್ಚಳಗಳು.

ಸೈಕಲ್ಲಿನಲ್ಲಿ ಕಾರ್ಖಾನೆಗೆ ಹೋಗುತ್ತಿದ್ದ ಊರು ಕೆಲವೇ ದಶಕಗಳಲ್ಲಿ ಸ್ಕೂಟರಿಗೆ, ಆಮೇಲೆ ಕಾರಿಗೆ ಹೊರಳಿತು. ವಾಹನಗಳಿಗಿಂತ ಜನರ ಓಡಾಟ ಮುಖ್ಯ ಎಂದು ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿದ್ದು 2006ರಲ್ಲಿ. ನಡೆಯಲು ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಅಗಲ ಬೇಕು, ಅಂಚಿನ ಕಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು ಎಂದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರ ಮಾರ್ಗಸೂಚಿಯಲ್ಲಿ ಬರೆಯಿತು.

ಅಳತೆ ಕೆಡುವುದು ಡಾಂಬರಿನಿಂದ. ಹಳೇ ಪದರ ಕೆರೆದು ತೆಗೆಯದೆ ಮೇಲೆ ಹೊಸದು ಹಾಕಿದರೆ ರಸ್ತೆ ಏರುತ್ತದೆ, ಮಳೆನೀರು ಚರಂಡಿಯ ಕಿಂಡಿಗೆ ಇಳಿಯುವುದಿಲ್ಲ. ಮುಂದಿನ ಟೆಂಡರಿನಲ್ಲಿ ಫುಟ್‌ಪಾತನ್ನೇ ಎತ್ತರಿಸುತ್ತಾರೆ. ಆಗ ಪ್ರತಿ ಮನೆಯ ಗೇಟಿಗೂ ಅದನ್ನು ಕತ್ತರಿಸಿ ಇಳಿಜಾರು ಮಾಡಬೇಕಾಗುತ್ತದೆ. ಹತ್ತಿ ಇಳಿದು ಸಾಕಾದ ಹಿರಿಯರು ರಸ್ತೆಗೇ ಇಳಿಯುತ್ತಾರೆ. ಸರಿಯಾದ ಕ್ರಮದಲ್ಲಿ ಫುಟ್‌ಪಾತ್ ಒಂದೇ ಮಟ್ಟದಲ್ಲಿ ಸಾಗಬೇಕು, ಏರಿ ದಾಟಬೇಕಾದ್ದು ಕಾರು.

ನಗರದ ಕೆಲವು ರಸ್ತೆಗಳನ್ನು ನೆಲದಡಿಯಿಂದಲೇ ಹೊಸದಾಗಿ ಕಟ್ಟಿದ ಟೆಂಡರ್‌ಶ್ಯೂರ್ ಯೋಜನೆ ಕೈಹಾಕಿದ್ದು ಈ ಗಂಟಿಗೇ. ವಿಠಲ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ವಾಹನ ಪಥದ ಅಗಲವನ್ನು ಉದ್ದಕ್ಕೂ ಒಂದೇ ಸಮ ಮಾಡಿ, ಮಿಕ್ಕ ಜಾಗವನ್ನು ನಡೆಯುವವರಿಗೆ ಬಿಟ್ಟರು. ನೀರು, ಒಳಚರಂಡಿ, ವಿದ್ಯುತ್, ಕೇಬಲ್ ಎಲ್ಲಕ್ಕೂ ಫುಟ್‌ಪಾತಿನಡಿ ಬೇರೆ ಬೇರೆ ಕೊಳವೆ, ಅಲ್ಲಲ್ಲಿ ತೆರೆಯುವ ಗುಂಡಿ ಇಟ್ಟರು. ಮುಂದೆ ಕೇಬಲ್ ಎಳೆಯಲು ರಸ್ತೆ ಅಗೆಯುವ ಕೆಲಸವಿಲ್ಲ. ರಸ್ತೆ ಕಿರಿದಾಯಿತು, ದುಡ್ಡು ಹೆಚ್ಚಾಯಿತು ಎಂಬ ಆಕ್ಷೇಪ ಬಂತು. ಆದರೆ ಮೇಲೆ ಹಾಸಿದ ಕಲ್ಲಿನ ಬೆಲೆಯನ್ನಷ್ಟೇ ನೋಡಿದವರಿಗೆ ನೆಲದಡಿಯ ಕೆಲಸ ಕಾಣಲಿಲ್ಲ.

ಸೈಕಲ್ಲಿಗೆ ಇಷ್ಟು ತಾಳ್ಮೆ ಸಿಗಲಿಲ್ಲ. ಜಯನಗರದ ಸೈಕಲ್ ಪಥಗಳ ಮೇಲೆ ಕಾರುಗಳು ನಿಂತವು. ಆ ಕಾರುಗಳಿಗೆ ಬೇರೆ ಜಾಗ ಯಾವುದೆಂದು ಮೊದಲೇ ತೀರ್ಮಾನವಾಗಬೇಕಿತ್ತು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಪಥ ಬೇರ್ಪಡಿಸಿದರು. ಬೈಕುಗಳು ಒಳಗೆ ನುಗ್ಗಿದವು, ಗೂಟಗಳು ಮುರಿದವು, ಮೆಟ್ರೊ ಕಾಮಗಾರಿಯೂ ಬಂತು.

ಯೋಗ್ಯ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಡಿ ಹಕ್ಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಗರ ಐದು ಪಾಲಿಕೆಗಳಾಯಿತು. ನೀರಿನ ಕೊಳವೆ ಮಾತ್ರ ಜಲಮಂಡಳಿಯದು, ವಿದ್ಯುತ್ ಕೇಬಲ್ ಬೆಸ್ಕಾಂನದು. ಹೊಣೆ ಹೀಗೆ ಹಲವರಲ್ಲಿ ಹಂಚಿಹೋಗಿರುವುದರಿಂದ, ನಿಮ್ಮ ಬೀದಿಯ ಕಾಮಗಾರಿಯ ನಕ್ಷೆ ಕೈಗೆ ಬಂದಾಗ ಮೂರು ಅಳತೆ ಕೇಳಿ: ಕಂಬ, ಮರ ಬಿಟ್ಟು ಉಳಿಯುವ ಅಗಲ, ಗೇಟಿನ ಬಳಿಯ ಮಟ್ಟ, ಡಾಂಬರು ಹಾಕಿದ ಮೇಲಿನ ಅಂಚಿನ ಎತ್ತರ.