ಪದ ಪರಿಚಯ: ಸಿಪಿ/ಎಂ

ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಹಳೆ ಎಲೆಕ್ಟ್ರಾನಿಕ್ಸ್ ಹುಡುಕುವ ನಮ್ಮ ಕನ್ನಡದ ಹುಡುಗರು ಆಗಾಗ ಕೇಳುವ ಪ್ರಶ್ನೆ ಒಂದಿದೆ: ಎಂಬತ್ತರ ದಶಕದ ಮನೆ ಕಂಪ್ಯೂಟರ್ ಸ್ಪೆಕ್ಟ್ರಂ ಸಿಕ್ಕಿದರೆ ಅದರಲ್ಲಿ ಸಿಪಿ/ಎಂ ಓಡುತ್ತದಾ? 48ಕೆ ಮಾದರಿಯಾದರೆ ಹಾಗೇ ಓಡುವುದಿಲ್ಲ. 1987ರ ಪ್ಲಸ್ 3 ಆದರೆ ಚೆನ್ನಾಗಿ ಓಡುತ್ತದೆ. ಎರಡರಲ್ಲೂ ಇರುವ ಪ್ರೊಸೆಸರ್ ಝಡ್80 ಚಿಪ್ಪೇ. ಮತ್ತೆ ಯಾಕೆ ಹೀಗೆ?

ಸಿಪಿ/ಎಂ ಒಂದು ಆಪರೇಟಿಂಗ್ ಸಿಸ್ಟಂ. 1974ರಲ್ಲಿ ಅಮೆರಿಕದ ಗ್ಯಾರಿ ಕಿಲ್ಡಾಲ್ ಇಂಟೆಲ್ 8080 ಚಿಪ್ಪಿಗಾಗಿ ಇದನ್ನು ಬರೆದರು. 8080ಕ್ಕೆ ಬರೆದದ್ದನ್ನು ಝಡ್80 ಕೂಡ ಓಡಿಸುತ್ತದೆ. ಇದರ ಮುಖ್ಯ ಗುಣ ಏನೆಂದರೆ, ಪ್ರೋಗ್ರಾಂ ನೇರವಾಗಿ ಹಾರ್ಡ್‌ವೇರ್ ಮುಟ್ಟಬೇಕಾಗಿಲ್ಲ. ಪರದೆಗೆ ಒಂದು ಅಕ್ಷರ ಕಳಿಸಬೇಕಾ? ಚಿಪ್ಪಿನೊಳಗೆ ರಿಜಿಸ್ಟರ್ ಎಂಬ ಪುಟ್ಟ ಜಾಗಗಳಿವೆ; ಇ ರಿಜಿಸ್ಟರಿನಲ್ಲಿ ಆ ಅಕ್ಷರ, ಸಿ ರಿಜಿಸ್ಟರಿನಲ್ಲಿ 2 ಎಂಬ ನಂಬರ್ ಇಟ್ಟು, ಮೆಮೊರಿಯ 5ನೇ ವಿಳಾಸವನ್ನು ಕರೆದರೆ ಸಾಕು. ಆ ಕರೆ ಬಿಡಾಸ್ ಎಂಬ ಭಾಗಕ್ಕೆ ಹೋಗುತ್ತದೆ. ಬಿಡಾಸ್ ಅದನ್ನು ಬಯಾಸ್‌ಗೆ ದಾಟಿಸುತ್ತದೆ. ಆಯಾ ಕಂಪ್ಯೂಟರಿಗೆ ತಕ್ಕಂತೆ ಹೊಸದಾಗಿ ಬರೆಯಬೇಕಾದ್ದು ಬಯಾಸ್ ಒಂದನ್ನೇ. ಇವತ್ತಿಗೂ ನಾವು ಬಳಸುವ ಬಯಾಸ್ ಎಂಬ ಹೆಸರು ಇಲ್ಲಿಂದಲೇ ಬಂದದ್ದು. ಬರಹ ಟೈಪ್ ಮಾಡುವ ವರ್ಡ್‌ಸ್ಟಾರ್‌ನಂಥ ಪ್ರೋಗ್ರಾಂ ಹತ್ತಾರು ಕಂಪನಿಗಳ ಯಂತ್ರಗಳಲ್ಲಿ ಓಡಿದ್ದು ಈ ಏರ್ಪಾಡಿನಿಂದ. ಐವತ್ತು ವರ್ಷ ಕಳೆದರೂ ಇಷ್ಟು ಚೊಕ್ಕವಾದ ಯೋಚನೆ ನೋಡಿದರೆ ನನಗೆ ಖುಷಿಯಾಗುತ್ತದೆ.

ಈಗ ಆ 5ನೇ ವಿಳಾಸವನ್ನೇ ನೋಡಿ. ಮೆಮೊರಿಯ ಮೊದಲ 256 ಬೈಟ್ ಸಿಪಿ/ಎಂನ ಸ್ವಂತ ಜಾಗ. 5ನೇ ವಿಳಾಸ ಅಲ್ಲೇ ಇದೆ. ನೀವು ಟೈಪ್ ಮಾಡಿದ ಆಜ್ಞೆಯ ಉಳಿದ ಭಾಗವೂ ಅಲ್ಲೇ ಬಂದು ಕೂರುತ್ತದೆ. ಪ್ರೋಗ್ರಾಂ ಶುರುವಾಗುವುದು 256ರಿಂದ. ಅಂದರೆ ಸೊನ್ನೆಯಿಂದಲೇ ಬರೆಯಬಹುದಾದ ಮೆಮೊರಿ, ಅಂದರೆ ರ‍್ಯಾಮ್, ಬೇಕು. ಸ್ಪೆಕ್ಟ್ರಂ 48ಕೆಯಲ್ಲಿ ಸೊನ್ನೆಯಿಂದ 16383ರವರೆಗೆ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇರುವ ರೋಮ್ ಕೂತಿದೆ. ಅದನ್ನು ಓದಬಹುದು, ಅದರಲ್ಲಿ ಬರೆಯಲು ಆಗದು. ಪ್ಲಸ್ 3ರಲ್ಲಿ 128ಕೆ ರ‍್ಯಾಮ್ ಇದೆ. ಒಂದು ಪೋರ್ಟಿಗೆ ಸರಿಯಾದ ನಂಬರ್ ಕಳಿಸಿದರೆ ರೋಮ್ ಪಕ್ಕಕ್ಕೆ ಸರಿದು, ಚಿಪ್ಪಿಗೆ ಕಾಣುವ 64ಕೆ ಪೂರ್ತಿ ರ‍್ಯಾಮ್ ಆಗುತ್ತದೆ. ಮೆಮೊರಿಯ ತುಂಡುಗಳನ್ನು ಹೀಗೆ ಅದಲುಬದಲು ಮಾಡುವುದಕ್ಕೆ ಪೇಜಿಂಗ್ ಅಂತಾರೆ.

ಶುರು ಮಾಡಲು ಯಂತ್ರವೇ ಬೇಕೆಂದಿಲ್ಲ. ಇಂದಿನ ಕಂಪ್ಯೂಟರಿನಲ್ಲಿ ಸ್ಪೆಕ್ಟ್ರಂನಂತೆ ನಡೆಯುವ ಫ್ಯೂಸ್ ಎಂಬ ಉಚಿತ ಎಮ್ಯುಲೇಟರಿನಲ್ಲಿ ಪ್ಲಸ್ 3 ಆರಿಸಿ, ಸಿಪಿ/ಎಂ ಡಿಸ್ಕ್ ಇಮೇಜ್, ಅಂದರೆ ಡಿಸ್ಕಿನ ನಕಲು ಫೈಲ್, ಹಾಕಿ, ಮೆನುವಿನಲ್ಲಿ ಲೋಡರ್ ಒತ್ತಿ. ಮೊದಲು ಹೀಗೆ ಕೈ ಪಳಗಿಸಿಕೊಳ್ಳುವುದೇ ಒಳ್ಳೆಯದು. ನಿಜವಾದ ಯಂತ್ರದಲ್ಲಿ ಮೂರು ಇಂಚಿನ ಡ್ರೈವ್ ಇರುತ್ತದೆ, ಅದರ ರಬ್ಬರ್ ಬೆಲ್ಟ್ ಈ ವೇಳೆಗೆ ಸಡಿಲಾಗಿಯೋ ಕರಗಿಯೋ ಇರುವುದು ಮಾಮೂಲು. ಟೇಪ್ ರೆಕಾರ್ಡರ್ ಭಾಗ ಮಾರುವ ಅಂಗಡಿಯಲ್ಲಿ ಹಳೆ ಬೆಲ್ಟ್ ತೋರಿಸಿ, ಅದೇ ಅಳತೆಯದು ಕೇಳಿ. ಜಾಸ್ತಿ ಬಿಗಿಯಾದದ್ದು ಬೇಡ. ಡ್ರೈವೇ ಕೆಟ್ಟಿದ್ದರೆ ಪೆನ್‌ಡ್ರೈವನ್ನು ಫ್ಲಾಪಿಯಂತೆ ತೋರಿಸುವ ಗೋಟೆಕ್ ಇದೆ.

ಎ> ಬಂತು ಅಂದರೆ ಸಿಪಿ/ಎಂ ಎದ್ದಿದೆ. ಡಿಐಆರ್ ಹೊಡೆದರೆ ಫೈಲುಗಳ ಪಟ್ಟಿ, ಟೈಪ್ ಹೊಡೆದರೆ ಫೈಲಿನ ಒಳಗಿನ ಬರಹ. ಡಾಸ್ ಬಳಸಿದವರಿಗೆ ಇದೆಲ್ಲ ಗೊತ್ತಿರುವಂತೆ ಕಾಣುತ್ತದೆ, ಅಲ್ವಾ? ಎ, ಬಿ ಎಂಬ ಡ್ರೈವ್ ಹೆಸರುಗಳು, ಎಂಟು ಅಕ್ಷರದ ಫೈಲ್ ಹೆಸರಿಗೆ ಮೂರು ಅಕ್ಷರದ ಬಾಲ, ಎರಡೂ ಡಾಸ್‌ಗೆ ಹೋದದ್ದು ಸಿಪಿ/ಎಂನಿಂದ. ಆದರೆ ನಕಲು ಮಾಡುವ ಪಿಪ್‌ನಲ್ಲಿ ಎಚ್ಚರ: ಹೋಗಬೇಕಾದ ಜಾಗ ಮೊದಲು, ಎಲ್ಲಿಂದ ಅನ್ನುವುದು ಆಮೇಲೆ. ಪಿಪ್ ಒಂದು ಪ್ರತ್ಯೇಕ ಫೈಲ್, ಸಿಸ್ಟಂ ಒಳಗೇ ಇರುವ ಆಜ್ಞೆಯಲ್ಲ. ಅದು ಡಿಸ್ಕಿನಲ್ಲಿ ಇಲ್ಲದಿದ್ದರೆ ನೀವು ಹೊಡೆದ ಹೆಸರೇ ಪ್ರಶ್ನೆ ಚಿಹ್ನೆಯ ಜೊತೆ ವಾಪಸ್ ಬರುತ್ತದೆ. ಆಗ ಪಿಪ್ ಇರುವ ಡಿಸ್ಕ್ ಹಾಕಿ. ಯಂತ್ರ ಆಫ್ ಮಾಡುವ ಮುಂಚೆ ಮಾತ್ರ ಡಿಸ್ಕನ್ನು ಮರೆಯದೆ ಹೊರಗೆ ತೆಗೆಯಿರಿ.